ಲಾಕ್-ಆನ್: ಗುರಿ ತಪ್ಪುತ್ತೆ, ಕ್ಯಾಮೆರಾ ಗಿರಕಿ ಹೊಡೆಯುತ್ತೆ. ಎಲ್ಲಿಂದ ಸರಿ ಮಾಡಬೇಕು?

ಗೊಡೊ_ಗೌಡ

ಗೊಡೊ 4ರಲ್ಲಿ (ಆಟ ಕಟ್ಟೋ ತಂತ್ರಾಂಶ) ಥರ್ಡ್ ಪರ್ಸನ್ ಕತ್ತಿ ಕಾಳಗದ ಆಟ, ಕ್ಯಾಮೆರಾ ನಾಯಕನ ಬೆನ್ನ ಹಿಂದೆ. ಆರ್3 (ಬಲ ಸ್ಟಿಕ್ಕನ್ನೇ ಗುಂಡಿಯಂತೆ ಒತ್ತೋದು) ಒತ್ತಿದರೆ ಲಾಕ್, ಅಂದರೆ ಕ್ಯಾಮೆರಾ ಮತ್ತು ನಾಯಕ ಒಬ್ಬ ಶತ್ರುವನ್ನೇ ಹಿಡಿದು ನೋಡೋದು; ಮತ್ತೆ ಒತ್ತಿದರೆ ಬಿಡುಗಡೆ. ಸದ್ಯದ ಕೋಡ್ ಇಷ್ಟೇ: ಆಟಗಾರನ ಸುತ್ತ 20 ಮೀಟರ್ ತ್ರಿಜ್ಯದ ಏರಿಯಾ3ಡಿ (ಒಳಗೆ ಯಾರಿದ್ದಾರೆ ಅಂತ ಹೇಳೋ ವಲಯ), ಅದರೊಳಗೆ ಯಾರು ಅತಿ ಹತ್ತಿರವೋ ಅವನೇ ಗುರಿ, ಕ್ಯಾಮೆರಾ ಪ್ರತಿ ಫ್ರೇಮ್ ಅವನ ಕಡೆಗೆ ಲುಕ್-ಅಟ್ (ನೇರ ಅವನತ್ತ ತಿರುಗೋದು).

ತೊಂದರೆ ನಾಲ್ಕು. ಬೆನ್ನ ಹಿಂದಿರೋ ಶತ್ರುವಿಗೆ ಲಾಕ್ ಬೀಳುತ್ತೆ. ತೀರಾ ಹತ್ತಿರ ಹೋದರೆ ಕ್ಯಾಮೆರಾ ಗಿರಗಿರ ತಿರುಗುತ್ತೆ. ಬಲ ಸ್ಟಿಕ್ ತಳ್ಳಿ ಗುರಿ ಬದಲಿಸಿದರೆ ಪಕ್ಕದವನನ್ನ ಬಿಟ್ಟು ಆಚೆಯವನಿಗೆ ಹಾರುತ್ತೆ. ಲಾಕ್ ಮಾಡಿ ಶತ್ರುವಿನ ಸುತ್ತ ಸುತ್ತಿದರೆ ಅಂತರ ತಾನಾಗೇ ಹೆಚ್ಚುತ್ತಾ ಹೋಗುತ್ತೆ. ಯಾವುದನ್ನ ಮೊದಲು ಹಿಡಿಯೋದು?

ಫ್ರೇಮ್‌ಲೆಕ್ಕ

ಮೊದಲು ಕೋಡನ್ನ ಬೇರ್ಪಡಿಸಿ. ಲಾಕ್-ಆನ್ ಒಳಗೆ ನಾಲ್ಕು ಕೆಲಸ ಇವೆ: ಗುರಿ ಆರಿಸೋದು, ಕ್ಯಾಮೆರಾ, ನಡಿಗೆಯ ದಿಕ್ಕು, ಏಟಿನ ದಿಕ್ಕು. ನಾಲ್ಕೂ ಒಂದೇ ಸ್ಕ್ರಿಪ್ಟ್‌ನಲ್ಲಿ ಹೆಣೆದುಕೊಂಡಿದ್ದರೆ ಒಂದನ್ನ ಸರಿ ಮಾಡಿದಾಗ ಇನ್ನೊಂದು ಕೆಡುತ್ತೆ. ಗುರಿ ಆರಿಸೋ ಭಾಗ "ಈಗಿನ ಗುರಿ ಯಾರು" ಅಂತ ಮಾತ್ರ ಹೇಳಲಿ. ಉಳಿದ ಮೂರು ಅದನ್ನ ಓದಿಕೊಂಡು ತಮ್ಮ ಕೆಲಸ ಮಾಡಿಕೊಳ್ಳಲಿ.

ಈಗ ಆಯ್ಕೆ. ಬರೀ ದೂರ ನೋಡಿ ಆರಿಸಿದರೆ ಬೆನ್ನ ಹಿಂದಿನವನೇ ಸಿಗೋದು. ಆಟಗಾರ ಯಾರನ್ನ ನೋಡುತ್ತಿದ್ದಾನೆ ಅನ್ನೋದಕ್ಕೆ ಹೆಚ್ಚು ತೂಕ ಕೊಡಬೇಕು. ಮೊದಲು ಸೋಸಿ:

1. ಸತ್ತವರು, ಇನ್ನೂ ಹುಟ್ಟುವ ಅನಿಮೇಶನ್‌ನಲ್ಲಿರುವವರು ಹೊರಗೆ.
2. ಕ್ಯಾಮೆರಾದ ಹಿಂದಿರುವವರು ಹೊರಗೆ. ಗೊಡೊದಲ್ಲಿ ಇದಕ್ಕೆ "ಈಸ್ ಪೊಸಿಶನ್ ಬಿಹೈಂಡ್" ಕೇಳಿ, ಆಮೇಲೆ "ಅನ್‌ಪ್ರೊಜೆಕ್ಟ್ ಪೊಸಿಶನ್" (ಪರದೆಯಲ್ಲಿ ಅವನ ಜಾಗ ಕೊಡುತ್ತೆ). ಈ ಕ್ರಮ ತಪ್ಪಿದರೆ ಹಿಂದಿರುವವನ ಬಿಂದು ತಲೆಕೆಳಗಾಗಿ ಪರದೆಯೊಳಗೇ ಬಿದ್ದಂತೆ ಕಾಣುತ್ತೆ. ಯೂನಿಟಿ ಎಂಜಿನ್‌ನಲ್ಲಿ "ವರ್ಲ್ಡ್ ಟು ವ್ಯೂಪೋರ್ಟ್" ಕೊಟ್ಟ ಜಡ್ (ಆಳದ) ಬೆಲೆ ಋಣವಾಗಿದ್ದರೆ ಅದೇ ಕಥೆ.
3. ಪರದೆಯ ಅಂಚಿನ ಶೇ. 5ರಷ್ಟು ಪಟ್ಟಿಯಲ್ಲಿರುವವರು ಹೊರಗೆ. ಅರ್ಧ ಕಾಣುವವನಿಗೆ ಲಾಕ್ ಬಿದ್ದರೆ ಕ್ಯಾಮೆರಾ ದಡಕ್ಕನೆ ತಿರುಗುತ್ತೆ.
4. ಕ್ಯಾಮೆರಾದಿಂದ ಶತ್ರುವಿನ ಎದೆಗೆ ಒಂದು ರೇಕಾಸ್ಟ್, ಅಂದರೆ ನಡುವೆ ಏನಾದರೂ ಅಡ್ಡ ಇದೆಯಾ ಅಂತ ನೋಡೋ ಕಾಣದ ಗೆರೆ. ಮಾಸ್ಕ್‌ನಲ್ಲಿ (ಗೆರೆ ಯಾವುದಕ್ಕೆ ತಾಗಬೇಕು ಅನ್ನೋ ಪಟ್ಟಿ) ಗೋಡೆ-ನೆಲದ ಲೇಯರ್ ಮಾತ್ರ ಇರಲಿ. ಇಲ್ಲದಿದ್ದರೆ ಆಟಗಾರನ ಸ್ವಂತ ಕ್ಯಾಪ್ಸೂಲೇ (ಶರೀರದ ಡಿಕ್ಕಿ-ಆಕಾರ) ಅಡ್ಡ ಬರುತ್ತೆ.

ಉಳಿದವರಿಗೆ ಅಂಕ. ಪರದೆಯ ನಡುವಿನಿಂದ ಎಷ್ಟು ದೂರ (0ರಿಂದ 1) × 0.7, ಜೊತೆಗೆ ನಿಜದ ದೂರ ÷ 20 × 0.3. ಕಡಿಮೆ ಅಂಕ ಗೆಲ್ಲುತ್ತೆ. ಲೆಕ್ಕ ಹಾಕಿ ನೋಡಿ: 4 ಮೀಟರ್ ದೂರದಲ್ಲಿ ಆದರೆ ಪರದೆಯ ಅಂಚಿನಲ್ಲಿ (0.8) ಇರುವವನಿಗೆ 0.56 + 0.06 = 0.62. 11 ಮೀಟರ್ ದೂರದಲ್ಲಿ ಹೆಚ್ಚುಕಮ್ಮಿ ನಡುಮಧ್ಯ (0.1) ಇರುವವನಿಗೆ 0.07 + 0.165 = 0.235. ಎರಡನೆಯವನು ಸಿಗಬೇಕು, ಸಿಗುತ್ತಾನೆ.

ಕಡಲತಡಿ

0.7 ಮತ್ತು 0.3 ಬಿಲ್ಲುಗಾರರ ಆಟಕ್ಕೆ ಸರಿ ಮಾರಾಯ್ರೆ, ಕತ್ತಿ ಆಟಕ್ಕೆ ಅಲ್ಲ. ಎದುರಿಗೆ 2 ಮೀಟರ್‌ನಲ್ಲಿ ಒಬ್ಬ ಕತ್ತಿ ಎತ್ತಿ ನಿಂತಿದ್ದಾನೆ, ಪರದೆಯಲ್ಲಿ 0.5ರಲ್ಲಿದ್ದಾನೆ. ಅವನ ಅಂಕ 0.35 + 0.03 = 0.38. ಅವನಿಂದ ಆಚೆ, 18 ಮೀಟರ್‌ನಲ್ಲಿ ನಡುಮಧ್ಯ ಒಬ್ಬ ಸುಮ್ಮನೆ ನಿಂತಿದ್ದಾನೆ, ಅವನದ್ದು 0.27. ಲಾಕ್ ಹೋಗುವುದು ದೂರದವನಿಗೆ. ಇದಕ್ಕಿಂತ ಕಿರಿಕಿರಿ ಬೇರೆ ಉಂಟಾ?

4 ಮೀಟರ್ ಒಳಗೆ ಇರುವವರಿಗೆ, ಅದೂ ಆಟಗಾರನ ಮುಖದ 60 ಡಿಗ್ರಿ ಒಳಗಿದ್ದರೆ, ಅಂಕದಿಂದ 0.25 ಕಳೆಯಿರಿ. ಏಟು ಎತ್ತಿದ ಶತ್ರುವಿಗೆ ಇನ್ನೊಂದು 0.1 ಕಳೆಯಬಹುದು. ಅದಕ್ಕಿಂತ ಹೆಚ್ಚು ಬುದ್ಧಿವಂತಿಕೆ ಬೇಡ. ಯಾವುದು ಸಿಗುತ್ತದೆ ಅಂತ ಆಟಗಾರನಿಗೆ ಮೊದಲೇ ಊಹೆ ಆಗಬೇಕು.

ಫ್ರೇಮ್‌ಲೆಕ್ಕ

ಹತ್ತಿರದವರಿಗೆ ರಿಯಾಯಿತಿ ಒಪ್ಪಿದೆ. ಏಟು ಎತ್ತಿದವನ 0.1 ಬೇಡ. ಏಟಿನ ಅನಿಮೇಶನ್ ಮುಗಿದ ತಕ್ಷಣ ಅಂಕ ಬದಲಾಗುತ್ತೆ, ಬಟನ್ ಒತ್ತೋ ಹೊತ್ತಿಗೆ ಉತ್ತರ ಬೇರೆ. ನೀವೇ ಹೇಳಿದ ಊಹೆ ಅಲ್ಲಿಗೆ ಮುಗೀತು.

ಇನ್ನೊಂದು: ಹಿಡಿಯೋ ದೂರ, ಬಿಡೋ ದೂರ ಒಂದೇ ಇರಬಾರದು. 20ಕ್ಕೆ ಹಿಡಿದರೆ 25ಕ್ಕೆ ಬಿಡಿ. ಎರಡೂ 20 ಆದರೆ ಗಡಿಯಲ್ಲಿ ಓಡಾಡುವ ಶತ್ರುವಿಗೆ ಲಾಕ್ ಹತ್ತಿ ಆರಿ ಮಿನುಗುತ್ತೆ. ಕಂಬದ ಹಿಂದೆ ಹೋದ ಕೂಡಲೇ ಬಿಡಬಾರದು, 1ರಿಂದ 1.5 ಸೆಕೆಂಡ್ ಕಾಯಬೇಕು. ಆಗಲೂ ಕಾಣದಿದ್ದರೆ ಬಿಡಿ.

ಕತ್ತಿವರಸೆ

ಹಳೆಯ ಆಟಗಳನ್ನು ನೋಡಿದರೆ ಈ ನಾಲ್ಕು ಕೆಲಸಗಳು ಬೇರೆಬೇರೆ ಎಂಬುದು ಇನ್ನೂ ಸ್ಪಷ್ಟವಾಗುತ್ತದೆ. 1996ರ ಟೂಂಬ್ ರೈಡರ್‌ನಲ್ಲಿ ಪಿಸ್ತೂಲು ಎಳೆದರೆ ಲಾರಾಳ ಕೈಗಳು ತಾವೇ ಶತ್ರುವಿನತ್ತ ತಿರುಗುತ್ತಿದ್ದವು. ಏಟಿನ ದಿಕ್ಕನ್ನು ಆಟ ನೋಡಿಕೊಳ್ಳುತ್ತಿತ್ತು, ನಡಿಗೆ ಆಟಗಾರನದು. 1997ರ ಮೆಗಾ ಮ್ಯಾನ್ ಲೆಜೆಂಡ್ಸ್‌ನಲ್ಲಿ ಲಾಕ್ ಇತ್ತು, ಆದರೆ ಲಾಕ್ ಹಿಡಿದಿದ್ದಾಗ ನಾಯಕ ನಿಂತಲ್ಲೇ ನಿಲ್ಲಬೇಕಿತ್ತು.

1998ರ ನವೆಂಬರ್‌ನಲ್ಲಿ ಬಂದ ಜೆಲ್ಡಾ: ಆಕರಿನಾ ಆಫ್ ಟೈಮ್ ಎಲ್ಲವನ್ನೂ ಒಂದು ಬಟನ್‌ಗೆ ಕಟ್ಟಿತು. ನಿಂಟೆಂಡೊ 64 ಕಂಟ್ರೋಲರ್‌ನ ಅಡಿಯಲ್ಲಿದ್ದ ಜಡ್ ಗುಂಡಿ ಅದಕ್ಕೆ ಹೇಳಿ ಮಾಡಿಸಿದಂತಿತ್ತು. ತಯಾರಕರ ತಂಡದ ತೋರು ಒಸಾವಾ ಮತ್ತು ಯೋಶಿಯಾಕಿ ಕೊಯಿಝುಮಿ ಇದರ ಮೂಲ ಹೇಳಿದ್ದಾರೆ: ಕ್ಯೋಟೋದ ತೋಯೆಯ್ ಸ್ಟುಡಿಯೋ ಪಾರ್ಕಿನಲ್ಲಿ ನಡೆಯುತ್ತಿದ್ದ ನಿಂಜಾ ಪ್ರದರ್ಶನ. ನಿಂಜಾ ಬೀಸಿದ ಕುಡುಗೋಲಿನ ಸರಪಳಿಯನ್ನು ಸಮುರಾಯ್ ಹಿಡಿದ. ಬಿಗಿದ ಸರಪಳಿಯ ತುದಿಯಲ್ಲಿ, ಕಣದ ಮೇಟಿಗೆ ಕಟ್ಟಿದ ಎತ್ತಿನ ಹಾಗೆ, ನಿಂಜಾ ಸುತ್ತತೊಡಗಿದ. ಲಾಕ್ ಮಾಡಿ ಸುತ್ತುವ ನಡಿಗೆ ಅಲ್ಲಿಂದ ಬಂತು. ಕೊಯಿಝುಮಿ ಗಮನಿಸಿದ್ದು ಇನ್ನೊಂದನ್ನು: ಸುತ್ತುವರಿದವರು ಒಟ್ಟಿಗೆ ಮೇಲೆ ಬೀಳುವುದಿಲ್ಲ, ಒಬ್ಬೊಬ್ಬರಾಗಿ ಬರುತ್ತಾರೆ. ಆಟದಲ್ಲೂ ಲಾಕ್ ಆದ ಶತ್ರುವಿಗೆ ಗುರುತು ಬಿದ್ದ ಮೇಲೆ ಉಳಿದವರು ಕಾಯುತ್ತಾರೆ.

ಈ ಎರಡನೆಯದನ್ನು ಹೆಚ್ಚಿನವರು ಮರೆಯುತ್ತಾರೆ. ಲಾಕ್ ಇಟ್ಟ ಮೇಲೆ ಆಟಗಾರನ ಕಣ್ಣು ಒಬ್ಬನಿಗೆ ಕಟ್ಟಿಹೋಗುತ್ತದೆ. ಆಗ ಪರದೆಯ ಹೊರಗಿನಿಂದ ಇನ್ನಿಬ್ಬರು ಹೊಡೆದರೆ ಬೈಗುಳ ನಿಮ್ಮ ಲಾಕ್-ಆನ್‌ಗೆ. ಶತ್ರುಗಳಿಗೆ ಟೋಕನ್ (ಹೊಡೆಯುವ ಅನುಮತಿ) ಕೊಡಿ: ಒಟ್ಟು ಎರಡು ಟೋಕನ್, ಗುರಿಯಾದವನಿಗೆ ಒಂದು ಯಾವಾಗಲೂ ಮೀಸಲು. ಪರದೆಯಲ್ಲಿ ಕಾಣದವನಿಗೆ ಎರಡನೆಯದು ಸಿಕ್ಕರೂ ಏಟಿಗೆ ಮೊದಲು ಕೂಗಬೇಕು, ಏಟು 0.5 ಸೆಕೆಂಡ್ ತಡವಾಗಿ ಬರಬೇಕು.

ಗೊಡೊ_ಗೌಡ

ಆಯ್ಕೆ ಸರಿ ಹೋಯ್ತು, ರಿಯಾಯಿತಿ ಸೇರಿಸಿದ ಮೇಲೆ ಚೆನ್ನಾಗಿದೆ. ಈಗ ಕ್ಯಾಮೆರಾ ಗಿರಕಿ ಮತ್ತು ಸ್ಟಿಕ್.

ಆರ್‌ತ್ರೀ_ರಂಗ

ಸ್ಟಿಕ್ ನಂದು. ಗುರು, ಸ್ಟಿಕ್ 0.7 (ನಡು 0, ಅಂಚು 1) ದಾಟಿರೋ ಪ್ರತಿ ಫ್ರೇಮಲ್ಲೂ "ಗುರಿ ಬದಲಿಸು" ಓಡ್ತಾ ಇದೆ ಅಂತ ಕಾಣುತ್ತೆ. ಹೆಬ್ಬೆರಳು ಒಂದು ಸಲ ತಳ್ಳಿ ವಾಪಸ್ ಬರೋಷ್ಟರಲ್ಲಿ 6-8 ಫ್ರೇಮ್ ಆಗಿರುತ್ತೆ, ಅಷ್ಟು ಸಲ ಬದಲಾಗುತ್ತೆ. 0.7 ದಾಟಿದಾಗ ಒಂದೇ ಸಲ ಬದಲಿಸು. ಆಮೇಲೆ 0.3 ಕೆಳಗೆ ಇಳಿಯೋ ತನಕ ಬಾಗಿಲು ಮುಚ್ಚು.

ಅದು ಮಾಡಿದ ಮೇಲೂ ಬೇಗ ಬೇಗ ಎರಡು ಸಲ ತಳ್ಳಿದರೆ ತಪ್ಪುತ್ತೆ. ಕಾರಣ ಬೇರೆ: ಮೊದಲ ಬದಲಾವಣೆಯ ನಂತರ ಕ್ಯಾಮೆರಾ ಇನ್ನೂ ತಿರುಗ್ತಾ ಇರುತ್ತೆ, ಎಲ್ಲರ ಪರದೆ ಸ್ಥಾನಾನೂ ಜಾರ್ತಾ ಇರುತ್ತೆ. ಆದ್ದರಿಂದ ಬದಲಿಸುವಾಗ ಪರದೆ ಮೇಲಿನ ಎಕ್ಸ್ ನೋಡಬೇಡ. ಆಟಗಾರನ ಸುತ್ತ ಕೋನ ನೋಡು. ಈಗಿನ ಗುರಿಯ ಕೋನವನ್ನ ಸೊನ್ನೆ ಅಂತಿಟ್ಟುಕೊಂಡು ಉಳಿದವರ ಕೋನ -180ರಿಂದ 180ರ ಒಳಗೆ ತಂದುಕೊ. ಬಲಕ್ಕೆ ತಳ್ಳಿದರೆ ಬಲಗಡೆ ಕೋನಗಳಲ್ಲಿ ಅತಿ ಚಿಕ್ಕದು. 2 ಡಿಗ್ರಿಗಿಂತ ಕಡಿಮೆ ವ್ಯತ್ಯಾಸ ಇದ್ದರೆ, ಅಂದರೆ ಒಬ್ಬರ ಹಿಂದೆ ಒಬ್ಬರು ನಿಂತಿದ್ದರೆ, ಹತ್ತಿರದವನನ್ನ ತಗೋ. 90 ಡಿಗ್ರಿ ಆಚೆ ಇರೋರನ್ನ ಸ್ಟಿಕ್‌ನಿಂದ ಹಿಡಿಯಕ್ಕೆ ಬಿಡಬೇಡ.

ಮತ್ತೆ ಆರ್3 ಮೇಲೇ ಲಾಕ್ ಇಟ್ಟಿದ್ದೀಯ. ಸ್ಟಿಕ್ ಒತ್ತುವಾಗ ಅದು ಸ್ವಲ್ಪ ವಾಲುತ್ತೆ. ಒತ್ತಿದ ಮೇಲೆ 0.15 ಸೆಕೆಂಡ್ ಸ್ಟಿಕ್ ಚಲನೆ ಲೆಕ್ಕಕ್ಕೆ ತಗೋಬೇಡ, ಇಲ್ಲಾಂದ್ರೆ ಲಾಕ್ ಬಿದ್ದ ಕೂಡಲೇ ಪಕ್ಕದವನಿಗೆ ಹಾರುತ್ತೆ. ಹಳೇ ಕಂಟ್ರೋಲರ್‌ಗಳಲ್ಲಿ ಇದು ಜಾಸ್ತಿ.

ಫ್ರೇಮ್‌ಲೆಕ್ಕ

ಕ್ಯಾಮೆರಾ ಗಿರಕಿ ಗಣಿತದ ಸಮಸ್ಯೆ. ಪಕ್ಕಕ್ಕೆ 4 ಮೀ/ಸೆ. ವೇಗದಲ್ಲಿ ಹೋಗ್ತಿದ್ದರೆ ತಿರುಗುವ ವೇಗ = 4 ÷ ಅಂತರ. ಅಂತರ 4 ಮೀಟರ್ ಇದ್ದರೆ ಸೆಕೆಂಡಿಗೆ ಸುಮಾರು 57 ಡಿಗ್ರಿ. ಅರ್ಧ ಮೀಟರ್ ಆದರೆ 458 ಡಿಗ್ರಿ. ಶತ್ರುವಿನ ಮೂಲಕ ಉರುಳಿ ಆಚೆ ಹೋದರೆ ಒಂದೆರಡು ಫ್ರೇಮಲ್ಲಿ 180 ಡಿಗ್ರಿ ಪಲ್ಟಿ.

ಮದ್ದು ಮೂರು, ಮೂರೂ ಬೇಕು. ಕ್ಯಾಮೆರಾ ಅಡ್ಡ ತಿರುಗಾಟಕ್ಕೆ ಸೆಕೆಂಡಿಗೆ 220 ಡಿಗ್ರಿ ಮಿತಿ. ನೆಲದ ಮೇಲಿನ ಅಂತರ 1.2 ಮೀಟರ್‌ಗಿಂತ ಕಡಿಮೆಯಾದರೆ ಅಡ್ಡ ಕೋನ ಇದ್ದಲ್ಲೇ ಇರಲಿ, 1.5 ದಾಟಿದ ಮೇಲೆ ಮತ್ತೆ ಹಿಂಬಾಲಿಸಲಿ. ಮೇಲೆ-ಕೆಳಗೆ ಕೋನಕ್ಕೆ ಬೇಲಿ: ಮೇಲಕ್ಕೆ 35, ಕೆಳಕ್ಕೆ 40 ಡಿಗ್ರಿ ಸಾಕು. ಹಾರುವ ಶತ್ರು ನೆತ್ತಿಯ ಮೇಲೆ ಬಂದಾಗ ಕ್ಯಾಮೆರಾ ನೆಲಕ್ಕೆ ಇಳಿದು ಆಕಾಶ ನೋಡೋದು ಈ ಬೇಲಿ ಇಲ್ಲದಿದ್ದರೆ ಖಂಡಿತ.

ನೇರವಾಗಿ ಶತ್ರುವಿನತ್ತ ಲುಕ್-ಅಟ್ ಮಾಡಬೇಡಿ. ಸ್ಪ್ರಿಂಗ್‌ಆರ್ಮ್3ಡಿಯ (ಕ್ಯಾಮೆರಾವನ್ನ ತುದಿಯಲ್ಲಿ ಹಿಡಿಯೋ ತೋಳು) ಬುಡ ಆಟಗಾರನ ಹೆಗಲಿನ ಎತ್ತರದಲ್ಲಿ (1.6 ಮೀ.) ಇರಲಿ. ನೋಟದ ಬಿಂದು ಆಟಗಾರನಿಂದ ಶತ್ರುವಿನ ಕಡೆಗೆ ಶೇ. 60ರಷ್ಟು ದೂರದಲ್ಲಿ. ತೋಳಿನ ಉದ್ದ ಹತ್ತಿರದಲ್ಲಿ 3.5, ದೂರದ ಗುರಿಗೆ 5 ಮೀಟರ್. ಕ್ಯಾಮೆರಾ ಒಂದು ಪಕ್ಕಕ್ಕೆ 0.5 ಮೀಟರ್ ಸರಿದಿರಬೇಕು, ಇಲ್ಲದಿದ್ದರೆ ಆಟಗಾರನ ಬೆನ್ನೇ ಶತ್ರುವನ್ನ ಮುಚ್ಚುತ್ತೆ.

ನಯಗೊಳಿಸೋಕೆ ಪ್ರತಿ ಫ್ರೇಮ್ "ಲರ್ಪ್ 0.1" (ಉಳಿದ ವ್ಯತ್ಯಾಸದ ಶೇ. 10ರಷ್ಟು ಸರಿಯೋದು) ಬರೆದಿದ್ದೀರಾ? ಸೆಕೆಂಡಿಗೆ 60 ಫ್ರೇಮ್ ಇದ್ದರೆ ಮೂರನೇ ಒಂದು ಸೆಕೆಂಡಿನ ನಂತರ ಶೇ. 12ರಷ್ಟು ವ್ಯತ್ಯಾಸ ಉಳಿದಿರುತ್ತೆ. 30 ಫ್ರೇಮ್‌ನಲ್ಲಿ ಅದೇ ಹೊತ್ತಿಗೆ ಶೇ. 35. ಒಂದೇ ಆಟ, ಎರಡು ಕ್ಯಾಮೆರಾ. 0.1 ಜಾಗದಲ್ಲಿ 1 - exp(-k × ಡೆಲ್ಟಾ) ಹಾಕಿ, exp ಅಂದರೆ ಗೊಡೊದ ಎಕ್ಸ್‌ಪ್ ಫಂಕ್ಷನ್, ಡೆಲ್ಟಾ ಅಂದರೆ ಹಿಂದಿನ ಫ್ರೇಮ್‌ನಿಂದ ಕಳೆದ ಸಮಯ. k 8ರಿಂದ 12ರ ನಡುವೆ.

ಕಡಲತಡಿ

ಒಂದು ಸೇರಿಸುತ್ತೇನೆ. ಗುರಿಯ ಬಿಂದುವನ್ನು ತಲೆಯ ಮೂಳೆಗೆ ಕಟ್ಟಬೇಡಿ. ಶತ್ರು ಉಸಿರಾಡಿದರೂ ಕ್ಯಾಮೆರಾ ತೂಗುತ್ತದೆ, ಏಟು ಬಿದ್ದು ಬಗ್ಗಿದರೆ ಪರದೆಯೇ ಬಗ್ಗುತ್ತದೆ. ಬುಡದ ನೋಡ್‌ನಿಂದ (ಶತ್ರುವಿನ ಮೂಲ ಘಟಕ) 1.2 ಮೀಟರ್ ಮೇಲೆ ಒಂದು ಮಾರ್ಕರ್3ಡಿ (ಖಾಲಿ ಗುರುತು ಬಿಂದು) ಇಟ್ಟರೆ ಸಾಕು. ಲಾಕ್ ಚಿಹ್ನೆ ಬೇಕಿದ್ದರೆ ಮೂಳೆಯ ಜೊತೆ ಹೋಗಲಿ, ಕ್ಯಾಮೆರಾ ಬೇಡ.

ದೊಡ್ಡ ಬಾಸ್‌ಗೆ ಮಾತ್ರ ಬೇರೆ ದಾರಿ. ತಲೆ, ಎದೆ, ಎರಡು ಕಾಲು ಅಂತ ಮೂರ್ನಾಲ್ಕು ಬಿಂದು ಕೊಡಿ, ಸ್ಟಿಕ್‌ನಿಂದ ಅವುಗಳ ನಡುವೆ ಹೋಗಲಿ. ಒಂದೇ ಬಿಂದು ಎದೆಯ ಮೇಲೆ 6 ಮೀಟರ್ ಎತ್ತರದಲ್ಲಿ ಇಟ್ಟು, ಆಟಗಾರ ಕಾಲಿನ ಬುಡದಲ್ಲಿ ಹೊಡೆಯುತ್ತಿದ್ದರೆ ಕಾಣುವುದು ಬರೀ ಹೊಟ್ಟೆ. ಡೀಮನ್ಸ್ ಸೋಲ್ಸ್, ಡಾರ್ಕ್ ಸೋಲ್ಸ್‌ನಂಥ ಸೋಲ್ಸ್ ಆಟಗಳಲ್ಲಿ ದೊಡ್ಡ ಪ್ರಾಣಿಗಳ ಎದುರು ಜನ ಲಾಕ್ ಬಿಟ್ಟು ಆಡುವುದು ಇದಕ್ಕೇ.

ಕತ್ತಿವರಸೆ

ಮಾನ್‌ಸ್ಟರ್ ಹಂಟರ್ ದಾರಿಯೂ ಇದೆ. ಅಲ್ಲಿನ ಟಾರ್ಗೆಟ್ ಕ್ಯಾಮೆರಾ ನೋಟವನ್ನು ಮಾತ್ರ ಪ್ರಾಣಿಯ ಕಡೆಗೆ ತಿರುಗಿಸುತ್ತದೆ. ಬೇಟೆಗಾರನ ಕಾಲು, ಕತ್ತಿ ಎರಡೂ ಆಟಗಾರನ ಕೈಯಲ್ಲೇ. ಇದಕ್ಕೆ ತದ್ವಿರುದ್ಧ 2001ರ ಡೆವಿಲ್ ಮೇ ಕ್ರೈ: ಕ್ಯಾಮೆರಾ ಬಹುಪಾಲು ಕಡೆ ಸ್ಥಿರ, ಲಾಕ್ ಅದನ್ನು ಅಲುಗಿಸುವುದಿಲ್ಲ. ಆದರೆ ಆರ್1 ಹಿಡಿದು ಶತ್ರುವಿನ ಕಡೆಗೆ ಸ್ಟಿಕ್ ತಳ್ಳಿ ಹೊಡೆದರೆ ಸ್ಟಿಂಗರ್ (ಮುನ್ನುಗ್ಗಿ ಇರಿಯುವ ಏಟು), ಹಿಂದಕ್ಕೆ ಎಳೆದು ಹೊಡೆದರೆ ಶತ್ರು ಗಾಳಿಗೆ. ಲಾಕ್ ಅಲ್ಲಿ ದಿಕ್ಕಿಗೆ ಅರ್ಥ ಕೊಡುವ ಸಾಧನ. ಬ್ಲಡ್‌ಬೋರ್ನ್ (2015) ಇನ್ನೊಂದು ಹೆಜ್ಜೆ ಮುಂದೆ: ಲಾಕ್ ಇದ್ದರೆ ತಪ್ಪಿಸಿಕೊಳ್ಳುವ ಗುಂಡಿ ಚುರುಕು ಹೆಜ್ಜೆ, ಇಲ್ಲದಿದ್ದರೆ ಉರುಳು. ಗೌಡರೇ, ನಿಮ್ಮ ಆಟಕ್ಕೆ ಇವುಗಳಲ್ಲಿ ಎಷ್ಟು ಬೇಕು ಅನ್ನುವುದನ್ನು ಮೊದಲು ತೀರ್ಮಾನಿಸಿ.

ಉರುಳಿನ ಬಗ್ಗೆ ಒಂದು ಮಾತು. 2009ರ ಡೀಮನ್ಸ್ ಸೋಲ್ಸ್‌ನಲ್ಲಿ ಲಾಕ್ ಇದ್ದಾಗ ಉರುಳುವುದು ನಾಲ್ಕೇ ದಿಕ್ಕಿಗೆ. 2020ರ ರೀಮೇಕ್‌ನಲ್ಲಿ ಸ್ಟಿಕ್ ತೋರಿದ ಯಾವ ದಿಕ್ಕಿಗೂ. ನಡಿಗೆಗೆ ಎಂಟು ದಿಕ್ಕಿನ ಅನಿಮೇಶನ್ ಬ್ಲೆಂಡ್ ಬೇಕೇ ಬೇಕು. ಉರುಳಿಗೆ ಒಂದೇ ಅನಿಮೇಶನ್ ಸಾಕು: ಶರೀರವನ್ನು ಸ್ಟಿಕ್ ದಿಕ್ಕಿಗೆ ತಿರುಗಿಸಿ ಮುಂದಕ್ಕೆ ಉರುಳಿಸಿ, ಮುಗಿದ ಮೇಲೆ 0.1 ಸೆಕೆಂಡಿನಲ್ಲಿ ಮತ್ತೆ ಶತ್ರುವಿಗೆ ಮುಖ ಮಾಡಿಸಿ. ಓಟಕ್ಕೂ ಹಾಗೆಯೇ. ಓಡುವಾಗ ಮುಖ ಓಟದ ದಿಕ್ಕಿಗೆ, ಕ್ಯಾಮೆರಾ ಗುರಿಯ ಮೇಲೆ. ಶತ್ರುವನ್ನೇ ನೋಡುತ್ತಾ ಹಿಂದಕ್ಕೆ ಪೂರ್ತಿ ವೇಗದಲ್ಲಿ ಓಡುವುದು ನೋಡಲು ಕೆಟ್ಟದಾಗಿರುತ್ತದೆ.

ಗೊಡೊ_ಗೌಡ

ಸುತ್ತುವಾಗ ದೂರ ಸರಿಯೋದು ಇನ್ನೂ ಉಳಿದಿದೆ. ವೇಗ 4 ಮೀ/ಸೆ., ಅಂತರ 3 ಮೀಟರ್. ಒಂದು ಸುತ್ತಿಗೆ ಸುಮಾರು 20 ಸೆಂ.ಮೀ. ಹೆಚ್ಚುತ್ತೆ.

ಫ್ರೇಮ್‌ಲೆಕ್ಕ

ಲೆಕ್ಕಕ್ಕೆ ಸರಿಯಾಗಿದೆ. ಪ್ರತಿ ಫ್ರೇಮ್ ನೀವು ವೃತ್ತದ ಮೇಲೆ ಹೋಗ್ತಿಲ್ಲ, ಅದಕ್ಕೆ ತಾಗುವ ನೇರ ಗೆರೆಯ ಮೇಲೆ ಹೋಗ್ತಿದ್ದೀರಿ. ಹೆಜ್ಜೆ d, ಅಂತರ r ಆದರೆ ಪ್ರತಿ ಸಲ ಸುಮಾರು d² ÷ 2r ಹೆಚ್ಚುತ್ತೆ. ಸೆಕೆಂಡಿಗೆ 60 ಹೆಜ್ಜೆ ಇದ್ದರೆ d = 0.067 ಮೀ., ಸೆಕೆಂಡಿಗೆ 4.4 ಸೆಂ.ಮೀ.; ಒಂದು ಸುತ್ತಿಗೆ 4.7 ಸೆಕೆಂಡ್, ಅಂದರೆ 21 ಸೆಂ.ಮೀ. ಫಿಸಿಕ್ಸ್ ಟಿಕ್ (ಸೆಕೆಂಡಿಗೆ ಇಷ್ಟು ಹೆಜ್ಜೆ ಅನ್ನೋದು) 30ಕ್ಕೆ ಇಳಿಸಿದರೆ ಇದರ ಎರಡರಷ್ಟು.

ನೇರ ಹೆಜ್ಜೆ ಬಿಡಿ. ಸ್ಟಿಕ್‌ನ ಅಡ್ಡ ಭಾಗವನ್ನ ಕೋನ ಮಾಡಿ: d ÷ r ರೇಡಿಯನ್‌ನಷ್ಟು ಶತ್ರುವಿನ ಸುತ್ತ ತಿರುಗಿಸಿ ಹೊಸ ಸ್ಥಾನ ಕಂಡುಹಿಡಿಯಿರಿ, ಹಳೇ ಸ್ಥಾನದಿಂದ ಅಲ್ಲಿಗೆ ಇರೋ ವ್ಯತ್ಯಾಸವನ್ನ ಡೆಲ್ಟಾದಿಂದ ಭಾಗಿಸಿ ಬಂದ ವೇಗವನ್ನ "ಮೂವ್ ಅಂಡ್ ಸ್ಲೈಡ್"ಗೆ (ಡಿಕ್ಕಿ ನೋಡಿಕೊಂಡು ಸರಿಸೋ ಫಂಕ್ಷನ್) ಕೊಡಿ. ಸ್ಥಾನವನ್ನ ನೇರ ಬರೆದರೆ ಗೋಡೆಯೊಳಗೆ ನುಗ್ಗುತ್ತೆ. ಮುಂದೆ-ಹಿಂದೆ ಭಾಗ r ಅನ್ನ ಬದಲಿಸುತ್ತೆ ಅಷ್ಟೇ. r 1 ಮೀಟರ್‌ಗಿಂತ ಕಡಿಮೆಯಾದರೆ ಭಾಗಾಕಾರಕ್ಕೆ 1 ಅನ್ನೇ ಬಳಸಿ.

ಆರ್‌ತ್ರೀ_ರಂಗ

ಹೀಗೆ ಮಾಡಿದರೆ ನಡಿಗೆಯ ದಿಕ್ಕು ಕ್ಯಾಮೆರಾದಿಂದ ಬರ್ತಿಲ್ಲ, ಶತ್ರುವಿನಿಂದ ಬರ್ತಿದೆ. ಅದು ಸರೀನೇ, ಆದರೆ ಲಾಕ್ ಬಿಟ್ಟ ಕ್ಷಣ ಎರಡರ ನಡುವೆ 20-30 ಡಿಗ್ರಿ ವ್ಯತ್ಯಾಸ ಇರಬಹುದು, ನಾಯಕ ಸಟ್ಟನೆ ಓರೆಯಾಗ್ತಾನೆ. 0.2 ಸೆಕೆಂಡಲ್ಲಿ ಒಂದರಿಂದ ಇನ್ನೊಂದಕ್ಕೆ ಜಾರಿಸು.

ಶತ್ರು ಸತ್ತಾಗ ಏನಾಗುತ್ತೆ ನೋಡಿದ್ಯಾ? ಇಲ್ಲೇ ಜಾಸ್ತಿ ಬಗ್ ಇರೋದು. "ಟ್ರೀ ಎಕ್ಸಿಟೆಡ್" ಸಿಗ್ನಲ್‌ಗೆ (ಶತ್ರುವನ್ನ ದೃಶ್ಯದಿಂದ ತೆಗೆದಾಗ ಬರೋದು) ಕಾಯಬೇಡ, ಹೆಣ ಬಿದ್ದಿರೋ ಎರಡು-ಮೂರು ಸೆಕೆಂಡ್ ಲಾಕ್ ಹೆಣದ ಮೇಲೇ ಇರುತ್ತೆ. ಜೀವ ಸೊನ್ನೆ ಆದಾಗ ನೀನೇ ಒಂದು ಸಿಗ್ನಲ್ ಕಳಿಸು. ಪ್ರಪಾತಕ್ಕೆ ಬಿದ್ದು ಫ್ರೀ ಆದವರಿಗೆ (ಮೆಮೊರಿಯಿಂದಲೇ ಅಳಿದವರು) "ಈಸ್ ಇನ್‌ಸ್ಟನ್ಸ್ ವ್ಯಾಲಿಡ್" ಪರೀಕ್ಷೆ ಕೂಡ ಇರಲಿ.

ಮುಂದಿನವನಿಗೆ ತಾನಾಗೇ ಹಾರಬೇಕಾ? ಇದು ಸೆಟ್ಟಿಂಗ್ಸ್‌ನಲ್ಲಿರಲಿ. ಹಾರೋದಾದರೆ 0.4 ಸೆಕೆಂಡ್ ತಡೆದು ಹಾರಲಿ, ಮುಂದಿನ 60 ಡಿಗ್ರಿ ಒಳಗೆ ಯಾರೂ ಇಲ್ಲದಿದ್ದರೆ ಬಿಟ್ಟುಬಿಡಲಿ. ಬಿಟ್ಟಾಗ ಕ್ಯಾಮೆರಾ ಎಲ್ಲಿತ್ತೋ ಅಲ್ಲೇ ಇರಲಿ. ಮತ್ತೆ ಆಟಗಾರ "ಸತ್ತ, ಲಾಕ್ ಬಿಡೋಣ" ಅಂತ ಆರ್3 ಒತ್ತೋದೂ ಆಟ ತಾನಾಗಿ ಹಾರೋದೂ ಒಂದೇ ಹೊತ್ತಿಗೆ ಬಿದ್ದರೆ ಎಡವಟ್ಟು. ತಾನಾಗಿ ಬದಲಾದ 0.15 ಸೆಕೆಂಡ್ ಒಳಗೆ ಬಂದ ಒತ್ತನ್ನ "ಬಿಡು" ಅಂತಲೇ ಓದು.

ಕಡಲತಡಿ

ಇಷ್ಟೆಲ್ಲ ಆದ ಮೇಲೆ ಕೇಳುತ್ತೇನೆ, ಲಾಕ್ ಬೇಕೇ ಬೇಕಾ? 2009ರ ಬ್ಯಾಟ್‌ಮನ್: ಆರ್ಕಮ್ ಅಸೈಲಮ್‌ನಲ್ಲಿ ಹೊಡೆದಾಟಕ್ಕೆ ಅಂತಹ ಬಟನ್ ಇಲ್ಲ. ಸ್ಟಿಕ್ ಯಾರ ಕಡೆಗೋ ಅವನಿಗೆ ಏಟು. ಎಂಟು-ಹತ್ತು ಜನರ ಗುಂಪಿನ ಎದುರು ಅದೇ ಸಲೀಸು.

ಕತ್ತಿವರಸೆ

ಗುಂಪಿಗೆ ಹೌದು. ಒಬ್ಬನ ಏಟನ್ನು ಓದಿ, ಅಂತರ ಕಾದು, ಗುರಾಣಿ ಎತ್ತುವ ಆಟಕ್ಕೆ ಇಲ್ಲ. ಎರಡನ್ನೂ ಇಟ್ಟುಕೊಳ್ಳಬಹುದು: ಲಾಕ್ ಇಲ್ಲದಾಗ ಏಟಿನ ಬಟನ್ ಒತ್ತಿದರೆ ಸ್ಟಿಕ್ ದಿಕ್ಕಿನ ಎರಡೂ ಕಡೆ 40 ಡಿಗ್ರಿ, 3 ಮೀಟರ್ ಒಳಗೆ ಸಿಕ್ಕವನತ್ತ ಶರೀರ ತಿರುಗಲಿ. ತಿರುಗುವುದು ಕತ್ತಿ ಎತ್ತುವ ಹಂತದಲ್ಲಿ ಮಾತ್ರ. ಬೀಸು ಶುರುವಾದ ಮೇಲೆ ತಿರುಗಿದರೆ ತಪ್ಪಿಸಿಕೊಂಡ ಶತ್ರುವಿಗೂ ಏಟು ಬೀಳುತ್ತದೆ. ಲಾಕ್ ಇರುವಾಗ ಈ ಹುಡುಕಾಟವನ್ನು ಪೂರ್ತಿ ನಿಲ್ಲಿಸಿ. ಇಲ್ಲದಿದ್ದರೆ ಕ್ಯಾಮೆರಾ ಒಬ್ಬನ ಮೇಲೆ, ಕತ್ತಿ ಇನ್ನೊಬ್ಬನ ಮೇಲೆ.

ಗೊಡೊ_ಗೌಡ

ಎಲ್ಲಾ ಹಾಕಿದೆ. 144 ಹರ್ಟ್ಜ್ ಮಾನಿಟರ್‌ನಲ್ಲಿ ಲಾಕ್ ಇದ್ದಾಗ ಮಾತ್ರ ಶತ್ರು ನಡುಗಿದ ಹಾಗೆ ಕಾಣುತ್ತೆ. ಮತ್ತೆ ಮೌಸ್‌ನಲ್ಲಿ ಗುರಿ ಬದಲಿಸೋದು ಹೇಗೆ?

ಫ್ರೇಮ್‌ಲೆಕ್ಕ

ನಡುಕ: ಶರೀರಗಳು ಸೆಕೆಂಡಿಗೆ 60 ಸಲ ಸರಿಯುತ್ತವೆ, ಕ್ಯಾಮೆರಾ 144 ಸಲ. ಗೊಡೊ 4.4ರಿಂದ 3ಡಿಗೂ ಫಿಸಿಕ್ಸ್ ಇಂಟರ್‌ಪೊಲೇಶನ್ (ಎರಡು ಟಿಕ್ ನಡುವಿನ ಸ್ಥಾನ ಲೆಕ್ಕಹಾಕಿ ತೋರಿಸೋದು) ಇದೆ, ಪ್ರಾಜೆಕ್ಟ್ ಸೆಟ್ಟಿಂಗ್ಸ್‌ನಲ್ಲಿ ಹಾಕಿ. ಕ್ಯಾಮೆರಾ ಲೆಕ್ಕದಲ್ಲಿ ಗುರಿಯ "ಗ್ಲೋಬಲ್ ಪೊಸಿಶನ್" ಓದಬೇಡಿ, ಇಂಟರ್‌ಪೊಲೇಟ್ ಆದ ಟ್ರಾನ್ಸ್‌ಫಾರ್ಮ್ (ಸ್ಥಾನ ಮತ್ತು ದಿಕ್ಕು) ಓದಿ. ಕ್ಯಾಮೆರಾ ನೋಡ್‌ಗೆ ಮಾತ್ರ ಇಂಟರ್‌ಪೊಲೇಶನ್ ಆಫ್ ಇರಲಿ, ಅದು ಹೇಗೂ ಪ್ರತಿ ಫ್ರೇಮ್ ಓಡುತ್ತೆ.

ಆರ್‌ತ್ರೀ_ರಂಗ

ಮೌಸ್‌ಗೆ ನಡು ಅನ್ನೋದೇ ಇಲ್ಲ, ಅದಕ್ಕೇ 0.7-0.3 ಕೆಲಸ ಮಾಡಲ್ಲ. ಕೊನೆಯ 0.12 ಸೆಕೆಂಡಿನ ಅಡ್ಡ ಚಲನೆ ಕೂಡಿಸು, 80 ಎಣಿಕೆ ದಾಟಿದರೆ ಒಂದು ಬದಲಾವಣೆ, ಆಮೇಲೆ 0.25 ಸೆಕೆಂಡ್ ಮುಚ್ಚು. 80 ಅನ್ನೋದು ಡಿಪಿಐ (ಮೌಸ್‌ನ ಸೂಕ್ಷ್ಮತೆ) ಮೇಲೆ ಹೋಗುತ್ತೆ, ಆದ್ದರಿಂದ ಸೆಟ್ಟಿಂಗ್ಸ್‌ನಲ್ಲಿ ಸ್ಲೈಡರ್ ಕೊಡಲೇಬೇಕು. ಸ್ಕ್ರೋಲ್ ವೀಲ್‌ಗೆ ಕೊಟ್ಟರೆ ಈ ರಗಳೆಯೇ ಇಲ್ಲ: ಮೇಲಕ್ಕೆ ಎಡ, ಕೆಳಕ್ಕೆ ಬಲ. ಆಗ ಆಯುಧ ಬದಲಿಸೋದನ್ನ ನಂಬರ್ ಕೀಗಳಿಗೆ ಸಾಗಿಸಬೇಕು.